ಬಿ.ಎಲ್. ರೈಸ್: ಶಾಲಾ ತನಿಖಾಧಿಕಾರಿಯ ದಾರಿಯಲ್ಲಿ ಕಂಡ ಕಲ್ಲುಗಳು

ಹತ್ತೊಂಬತ್ತನೆಯ ಶತಮಾನದ ಮೈಸೂರು ಸಂಸ್ಥಾನದ ಸಾರ್ವಜನಿಕ ಜೀವನವನ್ನು ರೂಪಿಸಿದವರ ಹೆಸರುಗಳನ್ನು ಹೇಳುವಾಗ ಕಮಿಷನರುಗಳಾದ ಕಬ್ಬನ್ ಮತ್ತು ಬೌರಿಂಗ್, ದಿವಾನರಾದ ರಂಗಾಚಾರ್ಲು ಮತ್ತು ಶೇಷಾದ್ರಿ ಅಯ್ಯರ್ ಇವರು ಸಹಜವಾಗಿಯೇ ಮೊದಲು ನೆನಪಾಗುತ್ತಾರೆ. ಬೆಂಜಮಿನ್ ಲೂಯಿಸ್ ರೈಸ್ ಅವರ ಹೆಸರು ಆ ಸಾಲಿನಲ್ಲಿ ಬರುವುದು ಕಡಿಮೆ. ಅವರಿಗೆ ನಾವು ಶಾಸನ ವಿಭಾಗದಲ್ಲಿ ಒಂದು ಪೀಠವನ್ನು ಹಾಕಿಕೊಟ್ಟಿದ್ದೇವೆ. ಕನ್ನಡ ಶಾಸನಗಳ ಪಿತಾಮಹ ಎಂಬ ಬಿರುದನ್ನೂ ಕೊಟ್ಟಿದ್ದೇವೆ. ಪಠ್ಯಕ್ರಮದಲ್ಲಿ ಒಂದು ಟಿಪ್ಪಣಿಯ ಪ್ರಶ್ನೆಗೆ ಒದಗುವಷ್ಟು ಪರಿಚಯ ಎಲ್ಲರಿಗೂ ಇದೆ. ಆದರೆ ಶಾಸನಗಳ ಕಡೆಗೆ ಅವರನ್ನು ಕರೆದೊಯ್ದ ದಾರಿ ಯಾವುದು, ಆ ದಾರಿಯಲ್ಲಿ ಅವರ ಜೊತೆಗೆ ನಡೆದವರು ಯಾರು, ಇಂದು ಮೂಲ ಕಲ್ಲು ಕಾಣದೆ ಹೋದಾಗ ಅವರ ಓದನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆಗಳನ್ನು ನಾವು ಸಾಕಷ್ಟು ಕೇಳಿಕೊಂಡಂತೆ ತೋರುವುದಿಲ್ಲ. ಪ್ರಸ್ತುತ ಲೇಖನದಲ್ಲಿ ರೈಸ್ ಅವರ ಜೀವನವನ್ನು ಈ ಪ್ರಶ್ನೆಗಳ ಹಿನ್ನೆಲೆಯಲ್ಲಿ ನಿರೂಪಿಸಲು ಯತ್ನಿಸಲಾಗಿದೆ.

ರೈಸ್ ಅವರು ಜನಿಸಿದ್ದು 1837ರ ಜುಲೈ 17ರಂದು, ಬೆಂಗಳೂರಿನಲ್ಲಿ. ಅವರು ಇಂಗ್ಲೆಂಡಿನಿಂದ ಬಂದು ಕನ್ನಡವನ್ನು ಕಲಿತವರು ಎಂಬ ಸಾಮಾನ್ಯ ಭಾವನೆ ಪೂರ್ತಿ ಸರಿಯಲ್ಲ. ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿಗೆ ಸೇರಿದ ಪಾದ್ರಿ. ಸುಮಾರು ಐವತ್ತು ವರ್ಷ ಬೆಂಗಳೂರಿನಲ್ಲಿ ಕೆಲಸಮಾಡಿ 1887ರಲ್ಲಿ ತೀರಿಕೊಂಡವರು. ಕನ್ನಡದಲ್ಲಿ ಉಪದೇಶ ಮಾಡುತ್ತಿದ್ದ, ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿ ತೊಡಗಿದ್ದ, ಶಾಲೆಗಳನ್ನು ನಡೆಸುತ್ತಿದ್ದ ಈ ತಂದೆಯ ಹೆಸರನ್ನು ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಇಂದಿಗೂ ಹೊತ್ತಿದೆ. ದಾರಿಹೋಕರಲ್ಲಿ ಹಲವರು ಅದನ್ನು ಮಗನ ಸ್ಮಾರಕವೆಂದು ತಿಳಿದಿರುವುದುಂಟು. ಇನ್ನೊಬ್ಬ ಮಗ ಎಡ್ವರ್ಡ್ ಪಿ. ರೈಸ್ ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು 1915ರಲ್ಲಿ ಪ್ರಕಟಿಸಿದರು. ಹೀಗೆ ಒಂದೇ ಮನೆಯಲ್ಲಿ ಧರ್ಮಪ್ರಸಾರದ ಕನ್ನಡ, ಸಾಹಿತ್ಯ ಚರಿತ್ರೆಯ ಕನ್ನಡ, ಶಾಸನದ ಕನ್ನಡ ಈ ಮೂರೂ ಕೂಡಿದ್ದವು. ಪೇಟೆಯ ಕನ್ನಡವನ್ನು ಬಾಲ್ಯದಲ್ಲೇ ಕಿವಿಯಲ್ಲಿ ತುಂಬಿಕೊಂಡಿದ್ದ ಲೂಯಿಸ್ ರೈಸ್, ಶಿಕ್ಷಣಕ್ಕಾಗಿ ಇಂಗ್ಲೆಂಡಿಗೆ ಹೋಗಿ, 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾಗಿ ಹಿಂದಿರುಗಿದರು. ಆಗ ಅವರಿಗೆ ಇಪ್ಪತ್ಮೂರು ವರ್ಷ.

ಆ ಶಾಲೆ ಆಗ ಎರಡು ವರ್ಷದ ಕೂಸು. 1854ರ ಶಿಕ್ಷಣ ಆಜ್ಞಾಪತ್ರದ ಫಲವಾಗಿ ಮೈಸೂರಿನಲ್ಲಿ ಶಿಕ್ಷಣ ಇಲಾಖೆ ಏರ್ಪಟ್ಟು, ಜಾನ್ ಗ್ಯಾರೆಟ್ ಅದರ ಮೊದಲ ನಿರ್ದೇಶಕರಾಗಿದ್ದರು. 1858ರಲ್ಲಿ ಆರಂಭವಾದ ಆ ಹೈಸ್ಕೂಲೇ 1875ರಲ್ಲಿ ಸೆಂಟ್ರಲ್ ಕಾಲೇಜಾಯಿತು. ರೈಸ್ ಅಲ್ಲಿ ಇದ್ದುದು ಐದು ವರ್ಷ ಮಾತ್ರ. 1865ರಲ್ಲಿ ಅವರು ಮೈಸೂರು ಮತ್ತು ಕೊಡಗು ಪ್ರಾಂತಗಳ ಶಾಲಾ ತನಿಖಾಧಿಕಾರಿಯಾಗಿ ನೇಮಕಗೊಂಡರು. ಅವರ ಜೀವನದ ನಿರ್ಣಾಯಕ ತಿರುವು ಈ ನೇಮಕ ಎಂದು ನನ್ನ ಭಾವನೆ. ಹೈಸ್ಕೂಲಿನಲ್ಲಿಯೇ ಉಳಿದಿದ್ದರೆ ಅವರು ಒಳ್ಳೆಯ ಉಪಾಧ್ಯಾಯರೆಂದು ಹೆಸರು ಪಡೆಯುತ್ತಿದ್ದರು. ಅದಕ್ಕಿಂತ ಹೆಚ್ಚಿನದೇನೂ ಆಗುತ್ತಿರಲಿಲ್ಲ. ತನಿಖಾಧಿಕಾರಿಯ ಕೆಲಸವೆಂದರೆ ಊರೂರು ತಿರುಗುವ ಕೆಲಸ. ಸಂಸ್ಥಾನದಲ್ಲಿ ಆಗ ಇದ್ದ ರೈಲುದಾರಿ ಅತ್ಯಲ್ಪ. ತಾಲ್ಲೂಕಿನಿಂದ ತಾಲ್ಲೂಕಿಗೆ ಕುದುರೆಯ ಮೇಲೆ ಹೋಗಬೇಕು, ಊರ ಹೊರಗೆ ಡೇರೆ ಹೊಡೆಯಬೇಕು, ಗ್ರಾಮದ ಮುಖಂಡರೊಡನೆ ಮಾತನಾಡಬೇಕು. ಕೂಲಿಮಠಗಳಿದ್ದುದು ಚಾವಡಿಯಲ್ಲಿ ಅಥವಾ ದೇವಸ್ಥಾನದ ಮೊಗಸಾಲೆಯಲ್ಲಿ. ನಮ್ಮ ನಾಡಿನಲ್ಲಿ ಶಾಸನಗಳು ನಿಲ್ಲುವುದೂ ಅದೇ ಜಾಗಗಳಲ್ಲಿ ಅಲ್ಲವೆ? ಶಾಲೆಯನ್ನು ನೋಡಲು ಹೋದವರ ಕಣ್ಣಿಗೆ ಕಲ್ಲು ಬಿದ್ದುದು ಆಕಸ್ಮಿಕವೇನಲ್ಲ.

1868ರಲ್ಲಿ ಗ್ಯಾರೆಟ್ ಅವರ ಸ್ಥಾನದಲ್ಲಿ ಶಿಕ್ಷಣ ಇಲಾಖೆಯ ನಿರ್ದೇಶಕರ ಹೊಣೆ ರೈಸ್ ಅವರಿಗೆ ಬಂದಿತು. ಅದೇ ವರ್ಷ ಅವರು ಸರಕಾರದ ಮುಂದಿಟ್ಟ ಹೋಬಳಿ ಶಾಲೆಗಳ ಯೋಜನೆ ಮೈಸೂರಿನ ಪ್ರಾಥಮಿಕ ಶಿಕ್ಷಣದ ಚರಿತ್ರೆಯಲ್ಲಿ ಮುಖ್ಯವಾದುದು. ಅಲ್ಲಿಯವರೆಗೆ ಸರಕಾರಿ ಶಾಲೆಗಳು ಇದ್ದುದು ಬಹುಮಟ್ಟಿಗೆ ಪಟ್ಟಣಗಳಲ್ಲಿ. ಹೋಬಳಿಗೊಂದರಂತೆ ಕನ್ನಡ ಶಾಲೆಯನ್ನು ತೆರೆಯಬೇಕು ಎಂಬುದು ಯೋಜನೆಯ ತಿರುಳು. ಇಂಗ್ಲಿಷ್ ವಿದ್ಯೆ ಮೇಲಿನ ವರ್ಗಗಳಿಂದ ಕೆಳಕ್ಕೆ ತಾನಾಗಿ ಇಳಿಯುತ್ತದೆಂದು ನಂಬಿದ್ದ ಅಧಿಕಾರಿಗಳ ಕಾಲದಲ್ಲಿ ಇಂಥದೊಂದು ಯೋಜನೆ ರೂಪುಗೊಂಡಿತು. ಕನ್ನಡ ಪಠ್ಯಪುಸ್ತಕಗಳಿಗೆ ಪೇಟೆಯ ಆಚೆಗೆ ಓದುಗರು ಹುಟ್ಟಿದುದರಲ್ಲಿ ಈ ಶಾಲೆಗಳ ಪಾತ್ರ ದೊಡ್ಡದು. ಆದರೂ ರೈಸ್ ಅವರ ಜೀವನ ಪರಿಚಯಗಳಲ್ಲಿ ಈ ಅಧ್ಯಾಯಕ್ಕೆ ಒಂದು ವಾಕ್ಯಕ್ಕಿಂತ ಹೆಚ್ಚು ಜಾಗ ಸಿಗುವುದು ಅಪರೂಪ.

ಶಾಸನಗಳ ವಿಷಯದಲ್ಲಿ ರೈಸ್ ಅವರಿಗಿಂತ ಮೊದಲೇ ಕೆಲಸ ನಡೆದಿತ್ತು. ಕರ್ನಲ್ ಮೆಕೆಂಜಿಯವರ ಸಂಗ್ರಹವನ್ನು ಬಿಟ್ಟರೂ, ಬೌರಿಂಗ್ ಅವರ ಕಾಲದಲ್ಲಿ ಮೇಜರ್ ಡಿಕ್ಸನ್ ಎಂಬ ಅಧಿಕಾರಿ 1865ರಲ್ಲಿ ಚಿತ್ರದುರ್ಗ, ಬಳ್ಳಿಗಾವೆ, ಹರಿಹರ ಮುಂತಾದ ಕಡೆಯ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಛಾಯಾಚಿತ್ರಗಳು ಇದ್ದವು, ಓದುವವರು ಇರಲಿಲ್ಲ. ಆ ಚಿತ್ರಗಳನ್ನು ಓದಿ ಅನುವಾದಿಸುವ ಕೆಲಸ ರೈಸ್ ಅವರ ಪಾಲಿಗೆ ಬಂತು. ಅದರ ಜೊತೆಗೆ ತಾವೇ ಕಂಡ ಶಾಸನಗಳನ್ನೂ ಸೇರಿಸಿ 1879ರಲ್ಲಿ ಮೈಸೂರು ಶಾಸನಗಳ ಇಂಗ್ಲಿಷ್ ಅನುವಾದದ ಸಂಪುಟವನ್ನು ಹೊರತಂದರು. ಇದಕ್ಕೆ ಮೊದಲೇ, ಮುಂಬಯಿಯಲ್ಲಿ ಬರ್ಜೆಸ್ ಅವರು 1872ರಲ್ಲಿ ಇಂಡಿಯನ್ ಆಂಟಿಕ್ವರಿಯನ್ನು ಆರಂಭಿಸಿದಾಗ, ಅದರ ಮೊದಲನೆಯ ಸಂಪುಟದಲ್ಲಿಯೇ ಮಡಿಕೇರಿಯ ಗಂಗ ತಾಮ್ರಪಟಗಳನ್ನು ಕುರಿತು ರೈಸ್ ಅವರ ಲೇಖನ ಬಂದಿತ್ತು. ಮುಂದೆ ಅವರನ್ನು ಜೀವನಪೂರ್ತಿ ಕಾಡಿದ ಗಂಗರ ವಿವಾದದ ಬೀಜ ಅಲ್ಲಿಯೇ ಇದೆ. ಅದರ ವಿಚಾರ ಮುಂದೆ ಬರುತ್ತದೆ.

ಅದಕ್ಕೂ ಮೊದಲು ಗೆಜೆಟಿಯರಿನ ಮಾತು. ಮೈಸೂರು ಮತ್ತು ಕೊಡಗನ್ನು ಕುರಿತ ಮೂರು ಸಂಪುಟಗಳ ಗೆಜೆಟಿಯರ್ 1876ರಿಂದ 1878ರವರೆಗೆ ಪ್ರಕಟವಾಯಿತು. ನೆಲ, ನದಿ, ಬೆಳೆ, ಜಾತಿ, ಭಾಷೆ, ಸಾಹಿತ್ಯ, ಆಡಳಿತ, ತಾಲ್ಲೂಕಿನಿಂದ ತಾಲ್ಲೂಕಿಗೆ ಊರುಗಳ ವಿವರ ಇವೆಲ್ಲವನ್ನೂ ಒಬ್ಬರೇ ಸಂಕಲಿಸಿದರೆಂದರೆ ಇಂದು ನಂಬುವುದು ಕಷ್ಟ. ಆದರೆ ಆ ವರ್ಷಗಳನ್ನು ಇನ್ನೊಮ್ಮೆ ನೋಡಬೇಕು. 1876ರಿಂದ 1878 ಎಂದರೆ ಮೈಸೂರು ಸಂಸ್ಥಾನವನ್ನು ಬರಿದುಮಾಡಿದ ಮಹಾಕ್ಷಾಮದ ಕಾಲ. 1871ರ ಜನಗಣತಿಯಲ್ಲಿ 50,55,412 ಇದ್ದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಹತ್ತು ವರ್ಷದ ಸಹಜ ಬೆಳವಣಿಗೆ ಇಲ್ಲದೆ ಹೋದುದಲ್ಲದೆ, ಎಂಟು ಲಕ್ಷ ಅರವತ್ತೊಂಬತ್ತು ಸಾವಿರಕ್ಕೂ ಮಿಕ್ಕಿ ಜನ ಲೆಕ್ಕದಿಂದಲೇ ಕಾಣೆಯಾದರು. ರೈಸ್ ಅವರು 1871ರ ಲೆಕ್ಕವನ್ನು ಆಧರಿಸಿ ಊರುಗಳನ್ನು ವರ್ಣಿಸುತ್ತಿದ್ದಾಗಲೇ, ಮುದ್ರಣಾಲಯದ ಹೊರಗೆ ಆ ಊರುಗಳು ಖಾಲಿಯಾಗುತ್ತಿದ್ದವು. ಇನ್ನೂ ವಿಚಿತ್ರವೆಂದರೆ, 1881ರ ಮೈಸೂರು ಜನಗಣತಿಯ ವರದಿಯನ್ನು ಬರೆದವರೂ ರೈಸ್ ಅವರೇ. ಕ್ಷಾಮದ ಹಿಂದಿನ ನಾಡನ್ನು ವರ್ಣಿಸಿದ ಲೇಖನಿಯೇ ಕ್ಷಾಮದ ಅನಂತರದ ನಾಡನ್ನೂ ಎಣಿಸಿತು. ಊರು ಪಾಳುಬಿದ್ದರೆ ಕಲ್ಲಿನ ಕಥೆ ಹೇಳುವವರೂ ಇಲ್ಲವಾಗುತ್ತಾರೆ ಎಂಬುದನ್ನು ಅವರು ಅಂಕಿಸಂಖ್ಯೆಗಳ ಮೂಲಕವೇ ಬಲ್ಲವರಾಗಿದ್ದರು. ಅವರ ಮುಂದಿನ ಕೆಲಸದಲ್ಲಿ ಕಾಣುವ ಆತುರಕ್ಕೆ ಇದೂ ಒಂದು ಕಾರಣವಿರಬಹುದೆಂಬುದು ನನ್ನ ಊಹೆ.

1881ರಲ್ಲಿ ಹತ್ತನೆಯ ಚಾಮರಾಜ ಒಡೆಯರಿಗೆ ರಾಜ್ಯ ಹಿಂದಿರುಗಿತು. ಐವತ್ತು ವರ್ಷಗಳ ಬ್ರಿಟಿಷ್ ಆಡಳಿತ ಮುಗಿಯಿತು. ಕ್ಷಾಮದ ಸಾಲವನ್ನು ಹೊತ್ತ ರಂಗಾಚಾರ್ಲು ಅವರು ಹಿರಿಯ ಹುದ್ದೆಗಳನ್ನು ಕಡಿಮೆ ಮಾಡುತ್ತಿದ್ದ ಕಾಲ ಅದು. ಯೂರೋಪಿಯನ್ ಅಧಿಕಾರಿಗಳಲ್ಲಿ ಅನೇಕರು ಸಂಸ್ಥಾನವನ್ನು ಬಿಟ್ಟರು. ರೈಸ್ ಉಳಿದರು. 1882ರಲ್ಲಿ ಹಂಟರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಭಾರತ ಶಿಕ್ಷಣ ಆಯೋಗಕ್ಕೆ ಅವರು ಕಾರ್ಯದರ್ಶಿಯಾದರು. ಅದು ಮುಗಿದ ಮೇಲೆ ದೊರೆತದ್ದು ಪುರಾತತ್ತ್ವದ ಹೊಣೆ. 1885ರ ಹೊತ್ತಿಗೆ ಮೈಸೂರಿನಲ್ಲಿ ಪುರಾತತ್ತ್ವ ಇಲಾಖೆ ಅಸ್ತಿತ್ವಕ್ಕೆ ಬಂದಿತು. ಆರಂಭದಲ್ಲಿ ಬೇರೆ ಕೆಲಸಗಳ ಜೊತೆಗೆ, 1890ರಿಂದ ಪೂರ್ಣಾವಧಿಯಾಗಿ, ರೈಸ್ ಅದರ ನಿರ್ದೇಶಕರಾಗಿದ್ದರು. ಶೇಷಾದ್ರಿ ಅಯ್ಯರ್ ಅವರ ಹದಿನೆಂಟು ವರ್ಷಗಳ ದಿವಾನಗಿರಿಯ ನೆರಳು ಈ ಕೆಲಸಕ್ಕೆ ದೊರೆಯಿತು. ಆದ್ದರಿಂದ ಎಪಿಗ್ರಾಫಿಯಾ ಕರ್ನಾಟಿಕ ಬ್ರಿಟಿಷ್ ಸರಕಾರದ ಕೊಡುಗೆಯಲ್ಲ, ಒಂದು ದೇಶೀ ಸಂಸ್ಥಾನ ತನ್ನ ಬೊಕ್ಕಸದಿಂದ ಮಾಡಿಸಿದ ಕೆಲಸ ಎಂಬುದನ್ನು ಒತ್ತಿ ಹೇಳಬೇಕಾಗುತ್ತದೆ. ಕೊಡಗಿನ ಮೊದಲ ಸಂಪುಟವೊಂದು ಇದಕ್ಕೆ ಅಪವಾದ; ಕೊಡಗು ಆಗ ನೇರವಾಗಿ ಬ್ರಿಟಿಷರ ಅಧೀನದಲ್ಲಿತ್ತು.

ಆ ಸಂಪುಟ ಬಂದದ್ದು 1886ರಲ್ಲಿ. 1889ರಲ್ಲಿ ಶ್ರವಣಬೆಳಗೊಳ, 1894ರಲ್ಲಿ ಮೈಸೂರು ಜಿಲ್ಲೆಯ ಮೊದಲ ಭಾಗ, 1905ರಲ್ಲಿ ಬೆಂಗಳೂರು ಮತ್ತು ಕೋಲಾರ ಹೀಗೆ ಸುಮಾರು ಇಪ್ಪತ್ತು ವರ್ಷಗಳಲ್ಲಿ ಹನ್ನೆರಡು ಸಂಪುಟಗಳು, 8,869 ಶಾಸನಗಳು. ಪ್ರತಿ ಶಾಸನಕ್ಕೂ ಕನ್ನಡ ಲಿಪಿಯ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ. ಸಂಪುಟದ ಮೊದಲಿಗೆ ದೀರ್ಘವಾದ ಪೀಠಿಕೆ. ಶಿಕಾರಿಪುರ, ಮಂಡ್ಯ, ಹೆಗ್ಗಡದೇವನಕೋಟೆ ಎಂದು ತಾಲ್ಲೂಕಿನ ಹೆಸರಿಗೆ ಅಂಕಿಯನ್ನು ಹಚ್ಚಿ ಗುರುತಿಸುವ ಕ್ರಮವನ್ನು ನಾವೆಲ್ಲರೂ ಅಡಿಟಿಪ್ಪಣಿಗಳಲ್ಲಿ ಬಳಸುತ್ತೇವೆ. ಈ ಕ್ರಮ ಬರಿಯ ಅನುಕೂಲಕ್ಕೆಂದು ಮಾಡಿದ್ದಲ್ಲ. ಮುಂಬಯಿ ಪ್ರಾಂತದಲ್ಲಿ ಕನ್ನಡ ಜಿಲ್ಲೆಗಳ ಶಾಸನಗಳನ್ನು ಓದುತ್ತಿದ್ದ ಜೆ.ಎಫ್. ಫ್ಲೀಟ್ ಅವರ ದೃಷ್ಟಿ ಮುಖ್ಯವಾಗಿ ರಾಜವಂಶದ ಮೇಲೆ ನೆಟ್ಟಿತ್ತು. ಅವರ ಪ್ರಸಿದ್ಧ ಗ್ರಂಥದ ಹೆಸರೇ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಹೇಳುತ್ತದೆ. ರೈಸ್ ಅವರು ಹಾಗಲ್ಲದೆ ನೆಲವನ್ನು ಆಧಾರವಾಗಿ ಹಿಡಿದರು. ಶಾಲಾ ತನಿಖಾಧಿಕಾರಿಯ ಪ್ರವಾಸಪಟ್ಟಿಯೇ ಸಂಪಾದನೆಯ ಕ್ರಮವಾದಂತೆ ಇದು ತೋರುತ್ತದೆ. ಚಕ್ರವರ್ತಿಯ ಪ್ರಶಸ್ತಿಶಾಸನದ ಪಕ್ಕದಲ್ಲಿಯೇ ತುರುಗಾಳಗದಲ್ಲಿ ಸತ್ತ ಹೆಸರಿಲ್ಲದವನ ವೀರಗಲ್ಲು ನಿಲ್ಲುವಂತಾದುದು ಈ ಕ್ರಮದಿಂದಲೇ. ಮುಂದೆ ಎಂ. ಚಿದಾನಂದಮೂರ್ತಿಯವರ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ (1966) ದಂಥ ಗ್ರಂಥ ಸಾಧ್ಯವಾದುದಕ್ಕೆ, ಸಣ್ಣ ಶಾಸನವನ್ನೂ ಬಿಡದೆ ಅಚ್ಚುಮಾಡಿದ ಈ ಸಂಪುಟಗಳ ಹಿನ್ನೆಲೆ ಇತ್ತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಸಣ್ಣ ಶಾಸನಗಳು ದೊಡ್ಡವು. ಮದ್ದೂರು ಸೀಮೆಯ ಆತಕೂರಿನ ಕಲ್ಲನ್ನೇ ನೋಡಬಹುದು. ಕ್ರಿ.ಶ. 949-50ರ ಈ ಶಾಸನದಲ್ಲಿ ತಕ್ಕೋಲದ ಯುದ್ಧ, ಚೋಳ ರಾಜಾದಿತ್ಯನ ಮರಣ, ಗಂಗ ಬೂತುಗನ ಸಾಹಸ ಎಲ್ಲವೂ ಇವೆ. ಆದರೆ ಕಲ್ಲನ್ನು ನಿಲ್ಲಿಸಿದ್ದು ಕಾಳಿ ಎಂಬ ನಾಯಿಗಾಗಿ. ಮಣಲೆರ ತನ್ನ ಸ್ವಾಮಿಯಿಂದ ಬೇಡಿ ಪಡೆದ ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಿತು. ಸಾಮ್ರಾಜ್ಯಗಳ ಕದನವೂ ಒಂದು ಬೇಟೆನಾಯಿಯ ಸಾವೂ ಒಂದೇ ಕಲ್ಲಿನಲ್ಲಿ ಸೇರಿರುವ ಈ ಶಾಸನವನ್ನು ಬೆಳಕಿಗೆ ತಂದವರು ರೈಸ್. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ ಶಾಸನ (ಕ್ರಿ.ಶ. 1057) ಗಂಡನ ಸಾವಿನ ಸುದ್ದಿ ಕೇಳಿ, ಹಿರಿಯರು ತಡೆದರೂ ನಿಲ್ಲದೆ ಬೆಂಕಿಯನ್ನು ಹೊಕ್ಕ ದೇಕಬ್ಬೆಯ ಕಥೆಯನ್ನು ಹೇಳುತ್ತದೆ. ಅದನ್ನು ಕಾವ್ಯವೆಂದು ಓದುವುದು ಇಂದು ನಮಗೆ ರೂಢಿಯಾಗಿದೆ. ತಾಳಗುಂದದ ಸ್ತಂಭಶಾಸನದಿಂದ ಕದಂಬರ ಮೂಲದ ಕಥೆಯೂ ಕುಬ್ಜನೆಂಬ ಕವಿಯ ಹೆಸರೂ ದೊರೆತವು.

1892ರಲ್ಲಿ ಮೊಳಕಾಲ್ಮೂರು ಸೀಮೆಯ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಕಿರುಬಂಡೆಶಾಸನಗಳು ಅವರಿಗೆ ದೊರೆತುದು ಅಖಿಲ ಭಾರತ ಮಟ್ಟದ ಸುದ್ದಿ. ಮೌರ್ಯರ ಆಳ್ವಿಕೆ ಇಷ್ಟು ದಕ್ಷಿಣಕ್ಕೆ ಹಬ್ಬಿತ್ತೆಂಬುದಕ್ಕೆ ಅಲ್ಲಿಯವರೆಗೆ ಕಲ್ಲಿನ ಸಾಕ್ಷ್ಯ ಇರಲಿಲ್ಲ. ಪ್ರಾಕೃತದ ಈ ಶಾಸನವನ್ನು ಕೆತ್ತಿದ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯ ಭಾರತದ ಲಿಪಿ ಬಲ್ಲ ಆ ಮನುಷ್ಯ ಮೊಳಕಾಲ್ಮೂರಿನ ಬಂಡೆಯ ಮುಂದೆ ಕುಳಿತಿದ್ದ ಚಿತ್ರವನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ. ಶಾಸನದಲ್ಲಿ ಬರುವ ಇಸಿಲ ಎಂಬ ಸ್ಥಳನಾಮವನ್ನು ಡಿ.ಎಲ್. ನರಸಿಂಹಾಚಾರ್ ಅವರು ಕನ್ನಡದ ಪದವೆಂದು ವಿವರಿಸಿದ್ದು, ಕನ್ನಡದ ಪ್ರಾಚೀನತೆಯ ಚರ್ಚೆಯನ್ನೇ ಆ ಬಂಡೆಯವರೆಗೆ ಒಯ್ದಿತು.

ಇಷ್ಟೆಲ್ಲವನ್ನೂ ರೈಸ್ ಒಬ್ಬರೇ ಓದಿದರೆ? ಖಂಡಿತ ಇಲ್ಲ. 8,869 ಶಾಸನಗಳ ಪಡಿಯಚ್ಚು ತೆಗೆಯುವುದೆಂದರೆ ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ ಕುಂಚದಿಂದ ಬಡಿದು, ಮಸಿ ಒತ್ತಿ, ಬಿಸಿಲಲ್ಲಿ ಕಾಯುವ ಕೆಲಸ. ಅದಕ್ಕೂ ಮೊದಲು ಪಾಚಿ ಕೆರೆಯಬೇಕು, ಹೂತ ಕಲ್ಲನ್ನು ಅಗೆಯಬೇಕು, ಊರವರ ಸಂಶಯವನ್ನು ಪರಿಹರಿಸಬೇಕು. ನಿಧಿ ತೆಗೆಯಲು ಬಂದವರೆಂಬ ಸಂಶಯ ಕ್ಷೇತ್ರಕಾರ್ಯಕ್ಕೆ ಹೋದವರಿಗೆ ಇಂದೂ ತಪ್ಪಿಲ್ಲ. ಈ ಕೆಲಸವನ್ನೂ, ಅಚ್ಚಿನ ಅಕ್ಷರಗಳನ್ನು ಪಾಠವಾಗಿ ಬಿಡಿಸುವ ಕೆಲಸವನ್ನೂ ಇಲಾಖೆಯ ಪಂಡಿತರು ಮತ್ತು ಸಹಾಯಕರು ಮಾಡಿದರು. ರೈಸ್ ಅವರು ಪೀಠಿಕೆಗಳಲ್ಲಿ ಸಹಾಯಕರನ್ನು ಸ್ಮರಿಸುತ್ತಾರೆ, ನಿಜ. ಆದರೆ ಯಾವ ಶಾಸನವನ್ನು ಯಾರು ಓದಿದರೆಂಬುದು ಸಂಪುಟಗಳಿಂದ ತಿಳಿಯುವುದಿಲ್ಲ. ಮುಖಪುಟದಲ್ಲಿ ಒಂದೇ ಹೆಸರು. ಇದು ಆ ಕಾಲದ ಸರಕಾರಿ ಪ್ರಕಟಣೆಗಳ ಪದ್ಧತಿ ಎಂದು ಸಮಾಧಾನ ಹೇಳಬಹುದು. ಆದರೂ ಒಂದು ಪಾಠದ ಬೆಲೆಯನ್ನು ಕಟ್ಟುವಾಗ ಓದಿದವರು ಯಾರು ಎಂಬ ಪ್ರಶ್ನೆ ಗೌಣವಲ್ಲ. ಒಬ್ಬ ಪಂಡಿತರಿಗೆ ಛಂದಸ್ಸು ಚೆನ್ನಾಗಿ ಬರುತ್ತಿದ್ದಿರಬಹುದು, ಇನ್ನೊಬ್ಬರಿಗೆ ಬಾರದೆ ಇದ್ದಿರಬಹುದು. ಎಲ್ಲ ಓದುಗಳೂ ರೈಸ್ ಎಂಬ ಒಂದೇ ಹೆಸರಿನಡಿ ಸೇರಿದುದರಿಂದ, ಅವರ ಹೊಗಳಿಕೆಯೂ ತೆಗಳಿಕೆಯೂ ಒಂದೇ ಕಡೆ ಬೀಳುತ್ತವೆ. 1899ರಲ್ಲಿ ಇಲಾಖೆಯನ್ನು ಸೇರಿದ ಆರ್. ನರಸಿಂಹಾಚಾರ್ಯರ ವಿಷಯ ಮಾತ್ರ ಬೇರೆ. ಅವರು ರೈಸ್ ಅವರ ಅನಂತರ ತಾವೇ ಆ ಸ್ಥಾನಕ್ಕೆ ಬಂದರು, ತಮ್ಮ ಹೆಸರಿನಲ್ಲಿಯೇ ಬರೆದರು, ಆದ್ದರಿಂದ ಉಳಿದರು. ಉಳಿದವರು ಇಲಾಖೆಯ ಕಡತಗಳಲ್ಲಿ ಸಂಬಳದ ಸಾಲುಗಳಾಗಿ ಹೋದರು.

ಕಾವ್ಯಸಂಪಾದನೆಯಲ್ಲಿಯೂ ಇದೇ ಮಾತು. ಬಿಬ್ಲಿಯೋಥಿಕಾ ಕರ್ನಾಟಿಕ ಮಾಲೆಯಲ್ಲಿ 1884ರಲ್ಲಿ ನಾಗವರ್ಮನ ಕರ್ಣಾಟಕ ಭಾಷಾಭೂಷಣ, 1890ರಲ್ಲಿ ಭಟ್ಟಾಕಳಂಕನ ಕರ್ಣಾಟಕ ಶಬ್ದಾನುಶಾಸನ, 1898ರಲ್ಲಿ ಪಂಪಭಾರತ ಪ್ರಕಟವಾದವು. ನಾಗಚಂದ್ರನ ಪಂಪರಾಮಾಯಣವೂ ಈ ಮಾಲೆಯದೇ. 1898ರಲ್ಲಿಯೇ ಕೆ.ಬಿ. ಪಾಠಕರ ಸಂಪಾದನೆಯ ಕವಿರಾಜಮಾರ್ಗವೂ ಬಂತು. ಒಂದೇ ವರ್ಷದಲ್ಲಿ ಆದಿಕವಿಯ ಮಹಾಕಾವ್ಯವೂ ಮೊದಲ ಲಕ್ಷಣಗ್ರಂಥವೂ ಅಚ್ಚಾದವು ಎಂದರೆ ಕನ್ನಡ ಸಾಹಿತ್ಯ ಚರಿತ್ರೆಯ ಪ್ರಾರಂಭದ ಪುಟಗಳು ಆ ವರ್ಷವೇ ಬರೆಯಲ್ಪಟ್ಟವು ಎನ್ನಬಹುದು. ಅದಕ್ಕೂ ಮೊದಲು, 1880ರ ದಶಕದ ಆರಂಭದಲ್ಲಿ, ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ರೈಸ್ ಪಂಪನನ್ನೂ ಪ್ರಾಚೀನ ಕನ್ನಡ ಕವಿಗಳನ್ನೂ ಕುರಿತು ಬರೆದಿದ್ದರು. ಪಂಪಭಾರತದ ಆ ಮುದ್ರಣದಲ್ಲಿ ಪಾಠದೋಷಗಳು ಹೇರಳವಾಗಿದ್ದುವೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಪರಿಷ್ಕೃತ ಆವೃತ್ತಿಯನ್ನು ತರಬೇಕಾಯಿತು. ಆದರೆ ಆ ಮೂವತ್ಮೂರು ವರ್ಷ ಕನ್ನಡಿಗರು ಪಂಪನನ್ನು ಓದಿದ್ದು ರೈಸ್ ಅವರ ಮುದ್ರಣದಲ್ಲಿಯೇ. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ 1907ರಲ್ಲಿ ಹೊರಬಂದಾಗ ಅದರ ಕಾಲನಿರ್ಣಯಗಳ ಬೆನ್ನಿಗೆ ಈ ಶಾಸನಸಂಪುಟಗಳು ನಿಂತಿದ್ದವು.

ಈಗ ವಿವಾದದ ವಿಚಾರ. ಗಂಗರ ತಾಮ್ರಪಟಗಳನ್ನು ರೈಸ್ ಬಹುಮಟ್ಟಿಗೆ ನಂಬಿದರು. ಅವುಗಳಲ್ಲಿ ಹೇಳಿರುವ ವಂಶಾವಳಿಯನ್ನೂ ಪ್ರಾಚೀನ ಕಾಲವನ್ನೂ ಒಪ್ಪಿ ಗಂಗರ ಚರಿತ್ರೆಯನ್ನು ಕಟ್ಟಿದರು. ಫ್ಲೀಟ್ ಇದನ್ನು ಕಠಿಣವಾಗಿ ಖಂಡಿಸಿದರು. ಲಿಪಿ ಆ ಕಾಲದ್ದಲ್ಲ, ತಿಥಿಗಳು ಹೊಂದುವುದಿಲ್ಲ, ಇವು ಕೂಟಶಾಸನಗಳು ಎಂಬುದು ಅವರ ನಿಲುವು. ಶ್ರವಣಬೆಳಗೊಳದ ವಿಷಯದಲ್ಲಿಯೂ ಹೀಗೆಯೇ ಆಯಿತು. ಭದ್ರಬಾಹುವಿನೊಡನೆ ಮೌರ್ಯ ಚಂದ್ರಗುಪ್ತ ಅಲ್ಲಿಗೆ ಬಂದು ದೇಹತ್ಯಾಗ ಮಾಡಿದನೆಂಬ ಜೈನ ಐತಿಹ್ಯವನ್ನು ರೈಸ್ ಚರಿತ್ರೆಯೆಂದು ಸ್ವೀಕರಿಸಿದರು, ಫ್ಲೀಟ್ ನಿರಾಕರಿಸಿದರು. ಚಿಕ್ಕಬೆಟ್ಟದ ಪ್ರಸಿದ್ಧ ಶಾಸನಕ್ಕೆ ರೈಸ್ ಆರೋಪಿಸಿದ ಪ್ರಾಚೀನತೆ ನಿಲ್ಲಲಿಲ್ಲ. ಅದನ್ನು ಕ್ರಿ.ಶ. 600ರ ಸುಮಾರಿನದೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ಗಂಗರ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂಬುದೂ, ಎಲ್ಲವೂ ಹಾಗಲ್ಲವೆಂಬುದೂ ಇಂದು ಅಷ್ಟೇ ಒಪ್ಪಿತವಾದ ಮಾತು. ಈ ವಿವಾದದಲ್ಲಿ ಗೆದ್ದವರು ಯಾರು ಎಂದು ಕೇಳುವುದಕ್ಕಿಂತ, ಇಬ್ಬರ ಮನೋಧರ್ಮವನ್ನು ಗಮನಿಸುವುದು ಲೇಸು. ಫ್ಲೀಟ್ ಸಾಕ್ಷಿಯನ್ನು ಅಡ್ಡಪ್ರಶ್ನೆಗೆ ಒಳಪಡಿಸುವ ನ್ಯಾಯಾಧೀಶರಂತೆ ಪಟವನ್ನು ಪರೀಕ್ಷಿಸಿದರು. ರೈಸ್ ಊರವರು ಹೇಳಿದ ಕಥೆಗೂ ಕಲ್ಲು ಹೇಳಿದ ಕಥೆಗೂ ನಡುವೆ ಸಂಬಂಧವನ್ನು ಹುಡುಕಿದರು. ಇದು ಅವರ ದೌರ್ಬಲ್ಯ. ಫ್ಲೀಟ್ ಕಡೆಗಣಿಸಿದ ಐತಿಹ್ಯಗಳು ಅಚ್ಚಿನಲ್ಲಿ ಉಳಿದುದೂ ಇದೇ ದೌರ್ಬಲ್ಯದ ಫಲ. ಆದರೆ ಕಾಲನಿರ್ಣಯದ ಮಟ್ಟಿಗೆ ಫ್ಲೀಟ್ ಅವರ ಎಚ್ಚರಿಕೆಯೇ ಸರಿಯಾದ ದಾರಿಯಾಗಿತ್ತೆಂದು ಹೇಳದೆ ವಿಧಿಯಿಲ್ಲ. ರೈಸ್ ಅವರ ಮೇಲಿನ ಗೌರವದಿಂದ ಇದನ್ನು ಮರೆಮಾಡುವ ಪ್ರವೃತ್ತಿ ನಮ್ಮ ಅಭಿನಂದನ ಲೇಖನಗಳಲ್ಲಿ ಕಂಡುಬರುತ್ತದೆ. ಅದು ಸಂಶೋಧನೆಗೆ ಉಪಕಾರವಲ್ಲ.

ಇನ್ನೊಂದು ಕೊರತೆಯೂ ಇದೆ. ಸಂಪುಟಗಳಲ್ಲಿ ಕೆಲವು ಶಾಸನಗಳಿಗೆ ಮಾತ್ರ ಪಡಿಯಚ್ಚಿನ ಚಿತ್ರಗಳಿವೆ. ಉಳಿದವಕ್ಕೆ ಪಾಠವೊಂದೇ ಆಧಾರ. ಕಲ್ಲು ಇದ್ದಲ್ಲಿ ಹೋಗಿ ಮತ್ತೆ ಓದಬಹುದು. ಕಲ್ಲು ಹೋದಲ್ಲಿ? ಬೆಂಗಳೂರು ಜಿಲ್ಲೆಯ ಒಂಬತ್ತನೆಯ ಸಂಪುಟವನ್ನು ಹಿಡಿದು ನಗರದಲ್ಲಿ ಓಡಾಡಿದವರಿಗೆ ಈ ಪ್ರಶ್ನೆಯ ತೀಕ್ಷ್ಣತೆ ತಿಳಿಯುತ್ತದೆ. 1905ರಲ್ಲಿ ಹೊಸಹಳ್ಳಿ, ಸಾಣೆಗುರುವನಹಳ್ಳಿ, ಕೇತಮಾರನಹಳ್ಳಿ, ಮೂಡಲಪಾಳ್ಯ, ನಾಗರಭಾವಿ ಇವೆಲ್ಲ ಕೆರೆ, ತೋಟ, ಹೊಲಗಳ ನಡುವಿನ ಹಳ್ಳಿಗಳು. 1949ರಲ್ಲಿ ರಾಜಾಜಿನಗರ ರೂಪುಗೊಂಡಿತು. ಅನಂತರ ವಿಜಯನಗರ, ಬಸವೇಶ್ವರನಗರಗಳು ಬೆಳೆದವು. ಮಾಗಡಿ ರಸ್ತೆ ಮತ್ತು ಮೈಸೂರು ರಸ್ತೆಗಳ ನಡುವೆ, ಕೆಂಗೇರಿಯ ವರೆಗೆ, ನೆಲ ನಿವೇಶನಗಳಾಗಿ ಹಂಚಿಹೋಯಿತು. ಹಳೆಯ ಊರಿನ ಗುರುತು ಒಂದು ಗುಡಿ, ಒಂದು ಅರಳಿಕಟ್ಟೆ, ಒಂದು ಬಸ್ಸು ನಿಲ್ದಾಣದ ಹೆಸರಾಗಿ ಉಳಿದಿದೆ. ವಿಜಯನಗರದಲ್ಲಿ ವಾಸವಾಗಿರುವ ನಾನು ಈ ಭಾಗದಲ್ಲಿ ಕಲ್ಲುಗಳನ್ನು ಹುಡುಕಿ ಹೋದಾಗ ಕಂಡದ್ದು ಬಗೆಬಗೆ. ಒಂದೆಡೆ ಕಲ್ಲಿಗೆ ಎಣ್ಣೆಬಣ್ಣ ಬಳಿದು ಪೂಜೆ ನಡೆಯುತ್ತಿತ್ತು. ಅಕ್ಷರ ಬಣ್ಣದಡಿ ಹೂತಿತ್ತು. ಇನ್ನೊಂದೆಡೆ ಕಲ್ಲಿನ ಅರ್ಧಭಾಗ ಸಿಮೆಂಟಿನ ಜಗಲಿಯೊಳಗಿತ್ತು. ಮತ್ತೊಂದೆಡೆ ಹಿರಿಯರೊಬ್ಬರು ಚರಂಡಿಯ ಕಡೆ ಕೈತೋರಿಸಿ, ಹುಡುಗರಾಗಿದ್ದಾಗ ಅಲ್ಲಿ ಒಂದು ಬರೆದ ಕಲ್ಲು ಇತ್ತೆಂದರು. ಇಂಥಲ್ಲೆಲ್ಲ ಉಳಿದಿರುವುದು ರೈಸ್ ಅವರ ಓದು ಮಾತ್ರ. ಅವರ ತಪ್ಪು ಓದೂ ಅಲ್ಲಿ ಶಾಶ್ವತ, ತಿದ್ದಲು ಮೂಲವಿಲ್ಲ. ಆದ್ದರಿಂದ ಕಲ್ಲು ಉಳಿದಿರುವ ಶಾಸನಗಳಲ್ಲಿ ಅವರ ಪಾಠವನ್ನು ಮೂಲದೊಡನೆ ಹೋಲಿಸಿ, ಯಾವ ಬಗೆಯ ಅಕ್ಷರಗಳಲ್ಲಿ, ಯಾವ ಬಗೆಯ ಶಾಸನಗಳಲ್ಲಿ ತಪ್ಪು ಹೆಚ್ಚೆಂಬುದನ್ನು ಪಟ್ಟಿಮಾಡಬೇಕಾಗಿದೆ. ಆ ಪಟ್ಟಿ ಸಿದ್ಧವಾದರೆ ಕಳೆದುಹೋದ ಶಾಸನಗಳ ಪಾಠವನ್ನು ಎಷ್ಟು ನಂಬಬೇಕೆಂಬುದಕ್ಕೆ ಒಂದು ಅಳತೆಗೋಲು ಸಿಗುತ್ತದೆ. 2021ರಲ್ಲಿ ಮಿಥಿಕ್ ಸೊ‌ಸೈಟಿ ಆರಂಭಿಸಿದ, ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುವ ಯೋಜನೆ ಇದಕ್ಕೆ ಬೇಕಾದ ಸಾಮಗ್ರಿಯನ್ನು ಒದಗಿಸುತ್ತಿದೆ.

ರೈಸ್ ಅವರು ತಮ್ಮ ಕೆಲಸವನ್ನು ಮುಗಿದುದೆಂದು ಭಾವಿಸಿರಲಿಲ್ಲ ಎಂಬುದಕ್ಕೆ ನಿವೃತ್ತಿಯ ಅನಂತರದ ವರ್ಷಗಳೇ ಸಾಕ್ಷಿ. 1906ರಲ್ಲಿ, ಅರವತ್ತೊಂಬತ್ತರ ವಯಸ್ಸಿನಲ್ಲಿ, ಹುಟ್ಟಿದೂರನ್ನು ಬಿಟ್ಟು ಅವರು ಇಂಗ್ಲೆಂಡಿಗೆ ಹೋದರು. ಸರಕಾರ ಅವರಿಗೆ ಸಿ.ಐ.ಇ. ಪದವಿಯನ್ನು ಕೊಟ್ಟಿತ್ತು. ಹ್ಯಾರೋದಲ್ಲಿ ನೆಲಸಿ, ಹನ್ನೆರಡು ಸಂಪುಟಗಳ ಸಾರವನ್ನು ಒಂದೇ ಪುಸ್ತಕಕ್ಕೆ ಇಳಿಸಿ, ಶಾಸನಗಳಿಂದ ತಿಳಿದುಬರುವ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. 1914ರಲ್ಲಿ ಕೊಡಗಿನ ಸಂಪುಟವನ್ನು ತಾವೇ ಪರಿಷ್ಕರಿಸಿದರು. ಎಪ್ಪತ್ತೇಳರ ಹತ್ತಿರದ ಮನುಷ್ಯ, ಇಪ್ಪತ್ತೆಂಟು ವರ್ಷಗಳ ಹಿಂದಿನ ತನ್ನ ಮೊದಲ ಸಂಪುಟವನ್ನು ಮತ್ತೆ ತೆಗೆದು ತಿದ್ದಿದುದು ಅವರ ಸಮರ್ಥನೆಗೆಂದು ಬರೆದ ಎಷ್ಟೋ ಪುಟಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು. ಕಲ್ಲುಗಳಿಂದ ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಕಾಗದದ ಮೇಲಿನ ಅಚ್ಚುಗಳನ್ನೂ ಟಿಪ್ಪಣಿಗಳನ್ನೂ ಇಟ್ಟುಕೊಂಡು ಮಾಡಿದ ಕೆಲಸ ಅದು. 1927ರ ಜುಲೈ 10ರಂದು, ತೊಂಬತ್ತು ತುಂಬಲು ಒಂದು ವಾರವಿರುವಾಗ, ಅವರು ತೀರಿಕೊಂಡರು. ಹಲ್ಮಿಡಿ ಶಾಸನ ಬೆಳಕಿಗೆ ಬರಲು ಇನ್ನೂ ಒಂಬತ್ತು ವರ್ಷವಿತ್ತು.

ಅವರ ಶ್ರವಣಬೆಳಗೊಳದ ಸಂಪುಟದಲ್ಲಿ 144 ಶಾಸನಗಳಿದ್ದವು. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದಾಗ ಸಂಖ್ಯೆ 500ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಎಪಿಗ್ರಾಫಿಯಾ ಕರ್ನಾಟಿಕದ ಪರಿಷ್ಕೃತ ಮಾಲೆಯನ್ನು 1972ರಲ್ಲಿ ಕೊಡಗಿನಿಂದಲೇ ಆರಂಭಿಸಿ, ಮರುವರ್ಷ ಶ್ರವಣಬೆಳಗೊಳವನ್ನು ಹೊರತಂದಾಗ ಅದು 573 ಆಗಿತ್ತು. ಪ್ರತಿ ಆವೃತ್ತಿಯಲ್ಲಿಯೂ ಶಾಸನಕ್ಕೆ ಹೊಸ ಅಂಕಿ ಬಂದಿದೆ. ಹೊಸ ಅಂಕಿಯ ಪಕ್ಕದಲ್ಲಿ, ಹಳೆಯ ಲೇಖನಗಳನ್ನು ಹಿಡಿದು ಬರುವ ಓದುಗರ ಅನುಕೂಲಕ್ಕಾಗಿ, ರೈಸ್ ಅವರು ಕೊಟ್ಟ ಅಂಕಿಯನ್ನು ಇನ್ನೂ ಹುಡುಕಬೇಕಾಗುತ್ತದೆ.